ಸಾಲಿನ ತುದಿಯಲ್ಲಿ ಪದ ಮುರಿಯುವ ಕೆಲಸ

ಪುಟ ಕಟ್ಟುವ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಮೊದಲ ವಾರದಲ್ಲೇ ಯಾರಾದರೊಬ್ಬರು ಹೇಳಿಕೊಡುವ ಮಾತೊಂದಿದೆ: "ಕನ್ನಡದಲ್ಲಿ ಪದವನ್ನು ಎಲ್ಲಿ ಬೇಕಾದರೂ ಮುರಿಯಬಹುದು. ಇಂಗ್ಲಿಷಿನ ಹಾಗೆ ನಿಘಂಟು ತೆರೆಯಬೇಕಾಗಿಲ್ಲ. ಅಕ್ಷರ ಮುಗಿದರೆ ಆಯಿತು, ಒಂದು ಅಡ್ಡಗೆರೆ ಹಾಕಿ ಮುಂದಿನ ಸಾಲಿಗೆ ಹೋಗು." ನನಗೂ ಹೀಗೆಯೇ ಹೇಳಿದ್ದರು. ಹೇಳಿದವರಿಗೆ ಅವರ ಗುರುಗಳು ಹೇಳಿದ್ದರಂತೆ. ಆ ಗುರುಗಳಿಗೆ ಹೇಳಿದವರು ಯಾರೆಂದು ನಾನು ಕೇಳಿದಾಗ ಉತ್ತರದ ಬದಲು ಬೈಗುಳ ಬಂತು. ಎಲ್ಲಿಂದ ಹೊರಟಿತೆಂದು ಗೊತ್ತಿಲ್ಲದ ಮಾತನ್ನು ನಾನು ಬೇಗ ನಂಬುವವನಲ್ಲ. ಶಾಲೆಯಲ್ಲಿ ಹೆಚ್ಚು ದಿನ ಕಲಿಯದ್ದರಿಂದ ಈ ಗುಣ ಉಳಿದುಕೊಂಡಿತೆಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು, ಅದಕ್ಕೂ ಆಧಾರವಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ, ನಿವೃತ್ತನಾಗುವವರೆಗೆ, ನಾನು ಡೊಂಬಿವಲಿ ಪೂರ್ವದ ಒಂದು ಮುದ್ರಣಾಲಯದಲ್ಲಿ ಕನ್ನಡದ ಪುಟಗಳನ್ನು ಕಟ್ಟುತ್ತಿದ್ದೆ. ಮದುವೆಯ ಕರೆಯೋಲೆ, ಹೋಟೆಲುಗಳ ಮೆನು ಕಾರ್ಡು, ಸೊಸೈಟಿಗಳ ವಾರ್ಷಿಕ ವರದಿ, ಇವೆಲ್ಲ ಬಂದು ಹೋಗುವ ಕೆಲಸಗಳು. ನಿಂತ ಕೆಲಸವೆಂದರೆ ಠಾಣೆ, ಕಲ್ಯಾಣ, ನವಿ ಮುಂಬಯಿಯ ಕನ್ನಡಿಗರು ಸೇರಿ ನಡೆಸುತ್ತಿದ್ದ ಒಂದು ಮಾಸಪತ್ರಿಕೆ. ಹುದ್ದೆ, ಬಡ್ತಿಗಳ ಬಗ್ಗೆ ಹೇಳಲು ಏನೂ ಇಲ್ಲ. ಸೇರಿದ ದಿನ ಕುಳಿತ ಕುರ್ಚಿಯಿಂದಲೇ ಎದ್ದು ಮನೆಗೆ ಬಂದೆ. ನಡುವೆ ಕುರ್ಚಿಯ ಗಾಲಿಗಳು ಮಾತ್ರ ಬದಲಾದವು.

ಹೇಳಬೇಕಾದದ್ದು ಆ ಅಡ್ಡಗೆರೆಯ ವಿಷಯ. ಅದು ಇರುವೆಯಷ್ಟು ಚಿಕ್ಕದು. ಆದರೂ ಅದರ ದೆಸೆಯಿಂದ ಠಾಣೆಯ ಮಾಜಿವಾಡಾದ ಒಂದು ಮನೆಯಲ್ಲಿ ಮಾವ ಸೊಸೆಯರ ನಡುವೆ ಉಳಿದಿದ್ದ ಒಂದೇ ಒಂದು ಮಾತುಕತೆ ನಿಂತುಹೋಗುವುದರಲ್ಲಿತ್ತು. ಅಲ್ಲಿಗೆ ಹೋಗುವ ಮುನ್ನ ಕೆಲಸದ ಸ್ವರೂಪವನ್ನು ಸ್ವಲ್ಪ ತಿಳಿಸಬೇಕು.

ನಾನು ಕಲಿತದ್ದು ಸೀಸದ ಮೊಳೆಗಳ ಕಾಲದಲ್ಲಿ. ಪ್ರತಿ ಸಾಲೂ ಒಂದೇ ಉದ್ದಕ್ಕೆ ಬರಬೇಕಾದರೆ ಪದಗಳ ನಡುವಿನ ಜಾಗವನ್ನು ಹಿಗ್ಗಿಸಬೇಕು ಅಥವಾ ಕುಗ್ಗಿಸಬೇಕು. ಕನ್ನಡದ ಪದಗಳು ಉದ್ದ. ಒಂದಕ್ಕೊಂದು ಸೇರಿಕೊಂಡು ಇನ್ನೂ ಉದ್ದವಾಗುತ್ತವೆ. ಅಗಲ ಕಡಿಮೆಯಿರುವ ಕಾಲಮ್ಮಿನಲ್ಲಿ ಒಂದು ಸಾಲಿಗೆ ಮೂರು ಪದ ಹಿಡಿದರೆ ಹೆಚ್ಚು. ನಾಲ್ಕನೆಯದು ಹಿಡಿಯದಿದ್ದರೆ ಎರಡೇ ದಾರಿ: ಮೂರು ಪದಗಳ ನಡುವೆ ಗುಂಡಿಯಂಥ ಬಿಳಿ ಜಾಗ ಬಿಡುವುದು, ಇಲ್ಲವೇ ನಾಲ್ಕನೆಯದನ್ನು ಮುರಿದು, ತುದಿಗೆ ಅಡ್ಡಗೆರೆ ಹಾಕಿ, ಉಳಿದ ತುಂಡನ್ನು ಕೆಳಗಿನ ಸಾಲಿಗೆ ಇಳಿಸುವುದು. ಹೆಚ್ಚಿನವರು ಮುರಿಯುತ್ತಿದ್ದರು.

ಈ ಗೆರೆ ಎಲ್ಲಿಂದ ಬಂತೆಂಬ ಬಗ್ಗೆ ಹಲವು ಕಥೆಗಳಿವೆ. ಪಾದ್ರಿಗಳು ತಂದರೆಂದು ಒಬ್ಬರು, ಪತ್ರಿಕೆಗಳವರು ತಂದರೆಂದು ಇನ್ನೊಬ್ಬರು. ನಾನು ಭಾನುವಾರಗಳಂದು ಗ್ರಂಥಾಲಯಗಳಲ್ಲಿ ಕುಳಿತು ಹಳೆಯ ಪುಸ್ತಕಗಳನ್ನು ತಿರುವಿ ನೋಡಿದೆ. ಕೆಲವುಗಳಲ್ಲಿ ಗೆರೆ ಇತ್ತು, ಕೆಲವುಗಳಲ್ಲಿ ಗೆರೆಯಿಲ್ಲದೆ ಬರಿದೇ ಮುರಿದಿದ್ದರು. ಒಂದೇ ಪುಸ್ತಕದಲ್ಲಿ ಎರಡೂ ಇದ್ದದ್ದುಂಟು. ಅಂಬರ್‌ನಾಥದ ಪರಿಚಿತರೊಬ್ಬರ ಮನೆಯಲ್ಲಿ ತಾಳೆಗರಿಯ ಕಟ್ಟನ್ನು ಕಂಡೆ. ಅದರಲ್ಲಿ ಪದಗಳ ನಡುವೆಯೇ ಜಾಗವಿರಲಿಲ್ಲ. ಗರಿ ಮುಗಿದಲ್ಲಿ ಪದ ಮುರಿದು ಕೆಳಗೆ ಹರಿದಿತ್ತು. "ನೋಡಿ, ನಮ್ಮ ಹಿರಿಯರೂ ಎಲ್ಲಿ ಬೇಕಾದಲ್ಲಿ ಮುರಿಯುತ್ತಿದ್ದರು" ಎಂದು ಮನೆಯವರು ಹೆಮ್ಮೆಪಟ್ಟರು. ನನಗೆ ಸಮಾಧಾನವಾಗಲಿಲ್ಲ. ತಾಳೆಗರಿಯನ್ನು ಓದುವವನಿಗೆ ಅದರಲ್ಲಿರುವುದು ಮೊದಲೇ ಬಾಯಿಗೆ ಬರುತ್ತಿತ್ತು. ಗರಿ ಅವನಿಗೆ ನೆನಪಿನ ಊರುಗೋಲು. ಮೊದಲ ಸಲ ಓದುವವನ ಕಷ್ಟಕ್ಕೆ ಅದು ಸಾಕ್ಷಿಯಾಗಲಾರದು.

ಡೊಂಬಿವಲಿಯ ಮುದ್ರಣಾಲಯದ ಯಜಮಾನರು ಗೋರೆ ಶೇಟ್, ಮರಾಠಿಯವರು. ಕೆಲಸ ಬಲ್ಲವರು, ಮುಂಗೋಪಿ, ಒಳ್ಳೆಯವರು. ಕನ್ನಡದ ಒಂದಕ್ಷರವೂ ಬಾರದು. ಓದಲು ಬಾರದ ಭಾಷೆಯ ಪುಟವನ್ನು ಪರೀಕ್ಷಿಸುವುದು ಹೇಗೆ? ಅವರು ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಒಂದು ಉಕ್ಕಿನ ಪಟ್ಟಿಯನ್ನು ಪುಟದ ಬಲ ಅಂಚಿಗೆ ಒತ್ತಿ ಹಿಡಿಯುವುದು. ಎಲ್ಲ ಸಾಲುಗಳೂ ಪಟ್ಟಿಗೆ ತಾಗಿದರೆ "ಛಾನ್" ಎನ್ನುವರು. ಒಂದು ಸಾಲು ಒಳಗೆ ಸರಿದಿದ್ದರೆ ಪಟ್ಟಿಯನ್ನು ಮೇಜಿಗೆ ಕುಟ್ಟಿ, "ಕಾಕಾ, ಹಾ ಮಾಣೂಸ್ ರಾಂಗೇತ್ ನಾಹೀ!" ಎನ್ನುವರು. ಈ ಮನುಷ್ಯ ಸರದಿಯಲ್ಲಿ ನಿಂತಿಲ್ಲ ಎಂದರ್ಥ; ಕಾಕಾ ಎಂದರೆ ನಾನು. ಸಾಲುಗಳು ಅವರಿಗೆ ಟಿಕೆಟ್ ಕಿಟಕಿಯ ಮುಂದಿನ ಜನರ ಹಾಗೆ.

ಗಣಕಯಂತ್ರದ ಮೊದಲ ವರ್ಷಗಳನ್ನು ಈಗಿನವರು ನಂಬುವುದು ಕಷ್ಟ. ಆಗಿನ ಕನ್ನಡದ ಅಕ್ಷರಗಳು ಯಂತ್ರದ ಲೆಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳೇ. ವೇಷ ಮಾತ್ರ ಕನ್ನಡದ್ದು. ಪದ ಮುರಿಯುವುದನ್ನು ಯಂತ್ರಕ್ಕೆ ಬಿಟ್ಟರೆ ಅದು ತನಗೆ ಕಂಡ ಇಂಗ್ಲಿಷ್ ಪದವನ್ನು ಮುರಿಯುತ್ತಿತ್ತು. ಅಕ್ಷರ ಮೇಲಿನ ಸಾಲಿನಲ್ಲಿ, ಅದರ ಒತ್ತು ಕೆಳಗಿನ ಸಾಲಿನ ಆರಂಭದಲ್ಲಿ. ನಾನು ಹೀಗೆ ಕಟ್ಟಿದ ಮೊದಲ ಸಂಚಿಕೆ ಹೊರಬಿದ್ದ ಮರುದಿನ ಕಲ್ಯಾಣದ ಒಬ್ಬ ಓದುಗರು ದೂರವಾಣಿಯಲ್ಲಿ, "ದೇವಾಡಿಗರೇ, ಒತ್ತಕ್ಷರಕ್ಕೆ ಎಂತ ಅವಸ್ಥೆ ಮಾರಾಯ್ರೆ? ತಲೆ ಕಲ್ಯಾಣದಲ್ಲಿ, ಕಾಲು ಕರ್ಜತ್‌ನಲ್ಲಿ!" ಎಂದು ನಕ್ಕರು. ನಾನು ಯಂತ್ರದ ಆ ಅಧಿಕಾರವನ್ನು ಕಿತ್ತುಕೊಂಡು, ಪ್ರತಿ ಸಾಲಿನ ಕೊನೆಯನ್ನೂ ಕಣ್ಣಿಂದ ನೋಡಿ, ಕೈಯಾರೆ ಅಡ್ಡಗೆರೆ ಹಾಕತೊಡಗಿದೆ. ಸುತ್ತಲಿನ ಕನ್ನಡದ ಜೋಡಣೆಗಾರರೆಲ್ಲ ಮಾಡುತ್ತಿದ್ದದ್ದು ಇದನ್ನೇ.

ಈ ಪದ್ಧತಿಯ ಅಪಾಯ ಒಂದು ವಿಶೇಷಾಂಕದಲ್ಲಿ ಬಯಲಾಯಿತು. ಪತ್ರಿಕೆಯ ಗೌರವ ಸಂಪಾದಕರು ಶ್ರೀವತ್ಸ, ಮೈಸೂರಿನ ಕಡೆಯವರು, ನವಿ ಮುಂಬಯಿಯ ಕಂಪೆನಿಯೊಂದರಲ್ಲಿ ತಂತ್ರಾಂಶದ ಕೆಲಸ. ವಿಶೇಷಾಂಕಕ್ಕೆ ಕಳಂಬೋಲಿಯ ಕಬ್ಬಿಣದ ವ್ಯಾಪಾರಿ ಬಸವಂತಪ್ಪನವರು ಜಾಹೀರಾತು ಕೊಡಲು ಒಪ್ಪಿದರು. ಆದರೆ ಪುಟ ದೊಡ್ಡದಿರಬೇಕು ಎಂದರು. ನಾನು ಕಟ್ಟಿಕೊಟ್ಟಿದ್ದ ಪುಟಗಳನ್ನು ಶ್ರೀವತ್ಸರು ಸಿ.ಡಿ.ಯಲ್ಲಿ ಒಯ್ದು, ಕಾಲಮ್ಮುಗಳನ್ನು ತಾವೇ ಅಗಲ ಮಾಡಿ, ತುರ್ಭೆಯಲ್ಲಿ ಅಚ್ಚು ಹಾಕಿಸಿದರು. ಅಗಲವಾದೊಡನೆ ಸಾಲುಗಳು ಜಾಗ ಬದಲಿಸಿದವು. ನಾನು ಹಾಕಿದ ಗೆರೆಗಳು ಮಾತ್ರ ತಮ್ಮ ಪದಗಳನ್ನು ಬಿಡದೆ, ಸಾಲಿನ ತುದಿಯಿಂದ ಸಾಲಿನ ನಡುವಿಗೆ ಬಂದು ಕುಳಿತವು. ಸಂಚಿಕೆಯುದ್ದಕ್ಕೂ ಪದಗಳ ಹೊಟ್ಟೆಯಲ್ಲಿ ಕಡ್ಡಿ.

ಬಿಡುಗಡೆಯ ಸಮಾರಂಭದಲ್ಲಿ ಬಸವಂತಪ್ಪನವರು ಸಂಚಿಕೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿ, ನನ್ನ ಕಡೆ ತಿರುಗಿದರು. "ಏನ್ರೀ ದೇವಾಡಿಗರ, ನಮ್ಮ ಅಂಗಡ್ಯಾಗ ನಾವು ಸರಳು ತುಂಡ ಮಾಡ್ತೀವಿ. ನೀವು ಮಾತು ತುಂಡ ಮಾಡೋ ಧಂದಾ ಹಚ್ಚೀರೇನು?"

ಇದು ನನ್ನ ತಪ್ಪೆಂದು ಇಂದಿಗೂ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಬ್ಬನ ಅಳತೆಗೆ ಹೊಲಿದ ಅಂಗಿಯನ್ನು ಇನ್ನೊಬ್ಬನಿಗೆ ತೊಡಿಸಿ ದರ್ಜಿಯನ್ನು ಬೈಯುವುದು ನ್ಯಾಯವಲ್ಲ. ಆದರೆ ಶ್ರೀವತ್ಸರು ಸಜ್ಜನರು. ಮುಂದಿನ ಶನಿವಾರ ತಾವೇ ಬಂದು, "ಸಾರ್, ಇದಕ್ಕೊಂದು ದಾರಿ ಇದೆ" ಎಂದು ಕಣ್ಣಿಗೆ ಕಾಣದ ಅಡ್ಡಗೆರೆಯೊಂದನ್ನು ತೋರಿಸಿಕೊಟ್ಟರು. ಪದದೊಳಗೆ ಅದನ್ನು ಬಚ್ಚಿಟ್ಟರೆ, ಪದ ಸಾಲಿನ ತುದಿಗೆ ಬಂದಾಗ ಮಾತ್ರ ಅದು ಮುಖ ತೋರಿಸುತ್ತದೆ. ಸಾಲು ಸರಿದರೆ ಮತ್ತೆ ಮರೆಯಾಗುತ್ತದೆ. ಈ ಒಂದು ಕಲಿಕೆಗಾಗಿ ನಾನು ಅವರಿಗೆ ಋಣಿ.

ಆ ಮೇಲಿನ ವರ್ಷಗಳಲ್ಲಿ ನಾನು ಕಟ್ಟಿದ ಪುಟಗಳ ಅಂಚು ಹಲಗೆ ಕೊಯ್ದಂತೆ ಇರುತ್ತಿತ್ತು. ವ್ಯಕ್ತಿಯ ಹೆಸರನ್ನು ಮುರಿಯುತ್ತಿರಲಿಲ್ಲ. ಊರಿನ ಹೆಸರನ್ನು ಕೈಲಾದಷ್ಟು ಉಳಿಸುತ್ತಿದ್ದೆ. ಮುರಿದ ಪದದ ಒಂದೇ ಅಕ್ಷರ ಕೆಳಗಿನ ಸಾಲಿನಲ್ಲಿ ಅನಾಥವಾಗಿ ನಿಲ್ಲಲು ಬಿಡುತ್ತಿರಲಿಲ್ಲ. ಒಂದರ ಕೆಳಗೊಂದು ಮೂರು ಸಾಲುಗಳ ತುದಿಯಲ್ಲಿ ಗೆರೆ ಬಂದರೆ ಏಣಿ ಇಟ್ಟಂತೆ ಕಾಣುತ್ತದೆ, ಅದನ್ನು ತಪ್ಪಿಸುತ್ತಿದ್ದೆ. ಪುಟ ತಿರುಗಿಸುವಲ್ಲಿ ಪದ ಮುರಿಯುವುದು ಓದುಗನ ಕೈಗೆ ಅರ್ಧ ತುತ್ತು ಕೊಟ್ಟು ತಟ್ಟೆ ಎಳೆದುಕೊಂಡ ಹಾಗೆ, ಎಂದೂ ಮಾಡಲಿಲ್ಲ. ತರುಣರು ಇವಿಷ್ಟನ್ನು ಕಣ್ಣು ಮುಚ್ಚಿ ಪಾಲಿಸಿದರೆ ನಷ್ಟವಿಲ್ಲ. ಗೋರೆ ಶೇಟರ ಪಟ್ಟಿ ಮೇಜಿಗೆ ಕುಟ್ಟುವುದು ನಿಂತುಹೋಯಿತು. ನನ್ನ ಕೆಲಸದಲ್ಲಿ ಕೊರತೆಯಿಲ್ಲವೆಂದು ನಾನು ನಂಬಿದ್ದೆ.

ಹೀಗಿರುವಾಗ ಒಂದು ದಿನ ಊಟದ ಬಿಡುವಿನಲ್ಲಿ ಹೆಣ್ಣುಮಗಳೊಬ್ಬಳು ಪತ್ರಿಕೆಯ ಪ್ರತಿ ಹಿಡಿದು ಬಾಗಿಲಲ್ಲಿ ನಿಂತಳು. ಮೂವತ್ತರ ಆಸುಪಾಸು, ಹೆಗಲಲ್ಲಿ ಆಫೀಸಿನ ಚೀಲ.

"ಇದರಲ್ಲಿ ಡ್ಯಾಶ್ ಹಾಕುವವರು ಯಾರು?" ಎಂದು ಕೇಳಿದಳು. ಕನ್ನಡ ಮಂಗಳೂರಿನ ಕಡೆಯದು, ರಾಗ ಮರಾಠಿಯದು.

"ನಾನೇ. ಯಾಕಮ್ಮ?"

"ಕಾಕಾ, ನಿಮಗೆ ಸಿಟ್ಟು ಬರಬಾರದು. ನನಗೆ ನಿಮ್ಮ ಡ್ಯಾಶ್‌ನಿಂದ ಮನೆಯಲ್ಲಿ ಮರ್ಯಾದೆ ಹೋಗ್ತಾ ಉಂಟು."

ಅವಳ ಹೆಸರು ವೈಶಾಲಿ. ಹುಟ್ಟಿದ್ದು ಠಾಣೆಯ ಮರಾಠಿ ಮನೆಯಲ್ಲಿ. ಮದುವೆಯಾದದ್ದು ಉಡುಪಿಯ ಕಡೆಯ ಹುಡುಗನನ್ನು. ಮಾವ ಸಂಜೀವ ಶೆಟ್ಟರು ಭಿವಂಡಿಯಲ್ಲಿ ಮಗ್ಗದ ಕಾರ್ಮಿಕರ ನಡುವೆ ಬಹುಕಾಲ ಹೋಟೆಲು ನಡೆಸಿದವರು. ಮದುವೆ ಅವರಿಗೆ ಇಷ್ಟವಿರಲಿಲ್ಲ. ಜಗಳವಾಡಲಿಲ್ಲ; ಮಾತನ್ನೇ ಕಡಿಮೆ ಮಾಡಿದರು. ಉಂಡಿಯಾ, ಬಾಗಿಲು ಹಾಕು, ಔಷಧಿ ಕೊಡು, ಇಷ್ಟೇ. ಆ ಮೇಲೆ ಕಣ್ಣಿನ ನರದ ಕಾಯಿಲೆಯಿಂದ ಅವರ ದೃಷ್ಟಿ ಹೋಯಿತು. ಜೀವನವಿಡೀ ಓದುತ್ತಿದ್ದ ಪತ್ರಿಕೆ ಟೀಪಾಯಿಯ ಮೇಲೆ ಸುಮ್ಮನೆ ಬಿದ್ದಿರುವುದನ್ನು ನೋಡಿ, ಇವಳು ಯಾರಿಗೂ ಹೇಳದೆ ಸಂಘದ ಶನಿವಾರದ ತರಗತಿಗೆ ಸೇರಿ ಕನ್ನಡದ ಅಕ್ಷರ ಕಲಿತಳು. ಒಂದು ರಜಾದಿನ ಮಾವನ ಮುಂದೆ ಕುಳಿತು ಪತ್ರಿಕೆ ತೆರೆದು ಓದಿದಳು. ಅಂದಿನಿಂದ ರಜಾದಿನದ ಮಧ್ಯಾಹ್ನ ಅವರಿಬ್ಬರೂ ಎದುರೆದುರು ಕೂರುತ್ತಿದ್ದರು. ಬೇರೆ ಹೊತ್ತಿನಲ್ಲಿ ಮೊದಲಿನ ಮೌನವೇ.

"ಈಗ ಅವರಿಗೆ ಬೇಜಾರು ಬಂದಿದೆ" ಎಂದಳು. "ಗೆರೆ ಬಂದಲ್ಲಿ ನನ್ನ ನಾಲಗೆ ನಿಲ್ತದೆ. ನಮ್ಮ ಮರಾಠಿ ಪುಸ್ತಕದಲ್ಲಿ ಹೀಗೆ ಮುರಿಯುವುದು ನಾನು ಅಷ್ಟು ನೋಡಿಲ್ಲ. ಮುಂದಿನ ಸಾಲಲ್ಲಿ ಅರ್ಧ ಪದ ಹುಡುಕುವಾಗ ಹಿಂದಿನ ಅರ್ಧ ಮರೆತುಹೋಗ್ತದೆ. ಮತ್ತೆ ಮೊದಲಿಂದ ಓದ್ತೇನೆ. 'ಸಾಕು, ನಿನಗೂ ಕಷ್ಟ, ನನಗೂ ಕಷ್ಟ. ಈ ಸಲದ ಚಂದಾ ಮುಗಿದ ಮೇಲೆ ಪತ್ರಿಕೆ ಬೇಡ, ರೇಡಿಯೋ ಉಂಟಲ್ಲ' ಅಂತ ಹೇಳಿದರು. ಇನ್ನೊಂದೇ ಸಂಚಿಕೆ ಬರುವುದು ಬಾಕಿ."

"ಅಭ್ಯಾಸ ಮಾಡಿದರೆ ಬರುತ್ತದೆ" ಎಂದೆ.

"ನನಗೆ ಬರ್ತದೆ ಕಾಕಾ. ಅಷ್ಟರವರೆಗೆ ಅವರು ಕಾಯುವುದಿಲ್ಲ."

ಅವಳು ಹೋದ ಮೇಲೆ ನನ್ನ ಮನಸ್ಸಿನಲ್ಲಿ ಮೊದಲು ಎದ್ದದ್ದು ಸಂಶಯವೇ. ಓದಲು ಬಾರದವರು ಅಚ್ಚನ್ನು ದೂರುವುದು ಹೊಸತಲ್ಲ. ದೋಷ ಗೆರೆಯದೋ, ಅವಳ ಕಲಿಕೆಯದೋ, ಮುದುಕರ ಸಿಡುಕಿನದೋ ಎಂದು ಪರೀಕ್ಷಿಸಿಯೇ ತಿಳಿಯಬೇಕು. ಒಂದೇ ಲೇಖನವನ್ನು ಎರಡು ಬಗೆಯಲ್ಲಿ ಕಟ್ಟಿ ಓದಿಸಿದರೆ ಎರಡನೆಯ ಸಲ ಯಾರಾದರೂ ಚೆನ್ನಾಗಿಯೇ ಓದುತ್ತಾರೆ, ಅದು ಪರೀಕ್ಷೆಯಲ್ಲ. ಆದುದರಿಂದ ಒಂದು ದೀರ್ಘ ಪ್ರಬಂಧವನ್ನು ತೆಗೆದುಕೊಂಡು, ಒಂದು ಪ್ಯಾರಾವನ್ನು ನನ್ನ ಎಂದಿನ ರೀತಿಯಲ್ಲಿ ಅಂಚು ಸಮ ಮಾಡಿ, ಗೆರೆಗಳ ಸಹಿತ ಕಟ್ಟಿದೆ. ಮುಂದಿನದನ್ನು ಯಾವ ಪದವನ್ನೂ ಮುರಿಯದೆ, ಬಲ ಅಂಚು ಹೆಚ್ಚುಕಡಿಮೆಯಾದರೆ ಆಗಲಿ ಎಂದು ಬಿಟ್ಟೆ. ಹೀಗೆ ಒಂದು ಬಿಟ್ಟು ಒಂದು. ಆ ಹಾಳೆಗಳನ್ನು ಹಿಡಿದು ಭಾನುವಾರ ಮಾಜಿವಾಡಾಕ್ಕೆ ಹೋದೆ.

ಸಂಜೀವ ಶೆಟ್ಟರು ಕಿಟಕಿಯ ಬದಿಯಲ್ಲಿ ಕುಳಿತಿದ್ದರು. ನನ್ನ ಪರಿಚಯ ಹೇಳಿದಾಗ, "ಓ, ಪುಟ ಕಟ್ಟುವವರಾ? ಕೂತ್ಕೊಳ್ಳಿ. ನಿಮ್ಮ ಪುಟ ಕಾಣುವ ಭಾಗ್ಯ ನನಗೆ ಈಗ ಇಲ್ಲ" ಎಂದರು. ಮಾತಿನಲ್ಲಿ ಮುನಿಸು ಇರಲಿಲ್ಲ. ಹಾಳೆಯ ಗುಟ್ಟನ್ನು ನಾನು ಅವರಿಗೆ ಹೇಳಲಿಲ್ಲ. ಕಾಣದವರಾದ್ದರಿಂದ ಯಾವ ಪ್ಯಾರಾ ಯಾವ ಬಗೆಯದೆಂದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಪಕ್ಷಪಾತವಿಲ್ಲದ ಇಂಥ ಪರೀಕ್ಷಕರು ನನಗೆ ಬೇರೆಲ್ಲೂ ಸಿಗುತ್ತಿರಲಿಲ್ಲ.

ನಮ್ಮ ಕಡೆ ಕಥೆ ಕೇಳುವವರು ಹೂಂಗುಟ್ಟುತ್ತಾರೆ. ಹೂಂ ಎಂದರೆ ಕೇಳಿಸಿತು, ಮುಂದೆ ಹೇಳು ಎಂದರ್ಥ. ಹೂಂ ನಿಂತರೆ ಹೇಳುವವನು ಕೇಳುಗನನ್ನು ಕಳೆದುಕೊಂಡನೆಂದೇ ಲೆಕ್ಕ. ನಾನು ಸುಮ್ಮನೆ ಕುಳಿತು ಆ ಹೂಂಗಳಿಗೆ ಕಿವಿಗೊಟ್ಟೆ.

ಮೊದಲ ಪ್ಯಾರಾ ಗೆರೆಗಳದ್ದು. ವೈಶಾಲಿ ಪ್ರತಿ ತುದಿಯಲ್ಲೂ ಎಡವಿದಳು. ಶೆಟ್ಟರು ಎರಡು ಸಲ ಹೂಂ ಎಂದು, ಆಮೇಲೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಎರಡನೆಯದು ಗೆರೆಗಳಿಲ್ಲದ್ದು. ಓದು ನಿಧಾನವೇ, ಆದರೆ ಮುಗ್ಗರಿಸಲಿಲ್ಲ. ಹೂಂ ಮರಳಿ ಬಂತು. ಮೂರನೆಯದರಲ್ಲಿ ಮತ್ತೆ ಹೋಯಿತು. ನಾಲ್ಕನೆಯದರಲ್ಲಿ ಮತ್ತೆ ಬಂತು. ಐದನೆಯದರ ನಡುವೆ ಶೆಟ್ಟರು, "ಇದೆಂತದು? ಒಮ್ಮೆ ಡಾಂಬರು ರಸ್ತೆ, ಒಮ್ಮೆ ಹೊಂಡ! ಒಂದೇ ಹುಡುಗಿ ಓದುವುದಲ್ವಾ?" ಎಂದರು.

ನನಗೆ ಬೇಕಾದ ಸಾಕ್ಷ್ಯ ಸಿಕ್ಕಿತು. ಹೊಂಡ ತೋಡುತ್ತಿದ್ದದ್ದು ಹುಡುಗಿಯಲ್ಲ.

ಮುಂದಿನ ಸಂಚಿಕೆಯನ್ನು ಗೆರೆಗಳಿಲ್ಲದೆ ಕಟ್ಟಬೇಕೆಂದು ನಿಶ್ಚಯಿಸಿದೆ. ನನ್ನ ನಿಶ್ಚಯ ಯಾರಿಗೆ ಬೇಕು? ಶ್ರೀವತ್ಸರು ಫೋನಿನಲ್ಲೇ ತಲೆ ಅಲ್ಲಾಡಿಸಿದರೆಂದು ಕಾಣುತ್ತದೆ.

"ಸಾರ್, ಒಬ್ಬರು ಓದುಗರಿಗೋಸ್ಕರ ಇಡೀ ಪತ್ರಿಕೆ ಲೇಔಟ್ ಬದಲಾಯಿಸ್ತೀರಾ? ಎಲ್ಲರೂ ಎರಡೂ ಕಡೆ ಅಂಚು ಸಮ ಮಾಡೇ ಮಾಡ್ತಾರೆ."

"ಎಲ್ಲರೂ ಯಾಕೆ ಮಾಡುತ್ತಾರೆ?"

"ಯಾಕೆ ಅಂದ್ರೆ... ಹಾಗೇ ಮಾಡೋದು ಸಾರ್."

"ಅದು ಉತ್ತರವಲ್ಲ. ನಿಮ್ಮ ಮಗಳು ನಮ್ಮ ಪತ್ರಿಕೆ ಓದುತ್ತಾಳೆಯೇ?"

"ಕನ್ನಡ ಅರ್ಥ ಆಗತ್ತೆ ಸಾರ್ ಅವಳಿಗೆ. ಉತ್ತರ ಹಿಂದಿಲಿ ಕೊಡ್ತಾಳೆ. ಅಕ್ಷರ ಕಲಿತಿದಾಳೆ, ಆದ್ರೆ ಎರಡು ಸಾಲು ಓದಿ ಬಿಟ್ಟುಬಿಡ್ತಾಳೆ."

"ಎಲ್ಲಿ ಬಿಡುತ್ತಾಳೆಂದು ಪಕ್ಕದಲ್ಲಿ ಕುಳಿತು ನೋಡಿ."

ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಏನು ನೋಡಿದರೆಂದು ಹೇಳಲಿಲ್ಲ. "ಒಂದು ಸಂಚಿಕೆ ಮಾತ್ರ ಸಾರ್. ಜನ ಬೈದರೆ ಮತ್ತೆ ಮೊದಲಿನ ಹಾಗೇ. ಗೋರೆಯವರನ್ನ ನೀವೇ ಒಪ್ಪಿಸ್ಕೊಳ್ಳಿ" ಎಂದರು.

ಗೋರೆ ಶೇಟರದ್ದು ಬೇರೆಯೇ ಕೋಟೆ. ಹಲ್ಲುಹಲ್ಲಾದ ಬಲ ಅಂಚನ್ನು ಕಂಡು ಅವರು ಪಟ್ಟಿಯನ್ನು ಕೈಯಲ್ಲಿ ಹಿಡಿದೇ ನಿಂತರು. "ಕಾಕಾ, ಇಷ್ಟು ವರ್ಷದ ಮೇಲೆ ಕೈ ನಡುಗತೊಡಗಿತೇ?" ಎಂದು ಮರಾಠಿಯಲ್ಲಿ ಕೇಳಿದರು. ವಾದದಿಂದ ಅವರು ಬಗ್ಗುವವರಲ್ಲ. ಅವರ ಹೌಸಿಂಗ್ ಸೊಸೈಟಿಯಲ್ಲಿ ನೀರಿನ ಟ್ಯಾಂಕಿನ ಬಗ್ಗೆ ದೊಡ್ಡ ಜಗಳ ನಡೆಯುತ್ತಿತ್ತು. ಅಧ್ಯಕ್ಷರ ವಿರುದ್ಧ ತಾವೇ ಬರೆದ ಮರಾಠಿಯ ಸೂಚನಾಪತ್ರವನ್ನು ನನ್ನಿಂದಲೇ ಕಟ್ಟಿಸುತ್ತಿದ್ದರು. ನಾನು ಅದನ್ನು ನಮ್ಮ ಪತ್ರಿಕೆಯ ಕಾಲಮ್ಮಿನಷ್ಟೇ ಅಗಲಕ್ಕೆ, ಅಂಚು ಸಮ ಮಾಡಿ, ಸಾಲುಸಾಲಿಗೂ ಪದ ಮುರಿದು, ಗೆರೆ ಹಾಕಿ ಕೊಟ್ಟೆ. "ಸಭೆಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿ ನೋಡಿ" ಎಂದೆ.

ಅವರು ಕನ್ನಡಕ ಏರಿಸಿ ಆವೇಶದಿಂದ ಆರಂಭಿಸಿದರು. ಎರಡನೆಯ ಸಾಲಿನಲ್ಲಿ ಎಡವಿದರು. ನಾಲ್ಕನೆಯ ಸಾಲಿನಲ್ಲಿ ಹಿಂದಕ್ಕೆ ಹೋದರು. ಅಧ್ಯಕ್ಷರನ್ನು ಗದರುವ ಮುಖ್ಯ ವಾಕ್ಯಕ್ಕೆ ಬರುವಷ್ಟರಲ್ಲಿ ಆವೇಶವೆಲ್ಲ ಸೋರಿಹೋಗಿತ್ತು. "ಅರೇ, ಹೇ ಕಾಯ್ ಆಹೇ, ಏನಿದು! ಇದನ್ನು ಓದಿದರೆ ಆ ಅಧ್ಯಕ್ಷ ನನ್ನ ಮುಖಕ್ಕೇ ನಗುತ್ತಾನೆ!"

"ಅಂಚು ಸರಿಯಾಗಿದೆಯಲ್ಲ, ಶೇಟ್. ಪಟ್ಟಿ ಇಟ್ಟು ನೋಡಿ."

ಅವರು ನನ್ನನ್ನು ದಿಟ್ಟಿಸಿ ನೋಡಿದರು; ಬೈಯಲು ಬಾಯಿ ತೆರೆದು, ಕೊನೆಗೆ ನಕ್ಕುಬಿಟ್ಟರು. "ಠೀಕ್ ಆಹೇ. ಆದರೆ ಕಾಕಾ, ಬಲಗಡೆ ಹೀಗಾದರೆ ನಾನು ಪಟ್ಟಿ ಎಲ್ಲಿಡಲಿ?"

"ಎಡಗಡೆ ಇಡಿ."

ಸಂಚಿಕೆ ಹೊರಬಂತು. ಬೈಗುಳಗಳು ಬಂದವು. ಬಸವಂತಪ್ಪನವರು, "ಏನ್ರೀ, ಗೋದಾಮಿನ್ಯಾಗ ಪುಟಾನ್ನ ಇಲಿ ಕಡದಾವೇನು?" ಎಂದು ಕೇಳಿದರು. "ಓದುವಾಗ ತೊಡಕಾಯಿತೇ?" ಎಂದೆ. "ಓದಾಕ ಏನೂ ತ್ರಾಸ ಆಗಿಲ್ಲ ಬಿಡ್ರಿ. ನೋಡಾಕ ಚೊಲೋ ಇಲ್ಲ" ಎಂದರು. ಇಷ್ಟರಲ್ಲಿ ಅಡಗಿದ್ದ ಪ್ರಮಾಣಪತ್ರ ನನಗೆ ಸಾಕಿತ್ತು. ಅವರು ಕೊಟ್ಟದ್ದು ಅವರಿಗೆ ಗೊತ್ತಿರಲಿಲ್ಲ. ಆದರೆ ಈ ಸಂಚಿಕೆಯ ಅಳತೆಗೋಲು ಕಳಂಬೋಲಿಯಲ್ಲಿ ಇರಲಿಲ್ಲ. ಭಾನುವಾರ ಊಟ ಮುಗಿಸಿ ಮಾಜಿವಾಡಾದ ಬಸ್ಸು ಹತ್ತಿದೆ.

ನಾನು ಹೋಗುವಷ್ಟರಲ್ಲಿ ಓದು ಆರಂಭವಾಗಿತ್ತು. ಬಾಗಿಲು ತೆರೆದ ವೈಶಾಲಿಯ ಗಂಡ ತುಟಿಯ ಮೇಲೆ ಬೆರಳಿಟ್ಟು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಒಳಗೆ ಹೋದನು. ವೈಶಾಲಿ ತಲೆಯೆತ್ತಲಿಲ್ಲ. ಸಾಲಿನಿಂದ ಸಾಲಿಗೆ ಇಳಿಯುವಾಗ ಅವಳ ದನಿ ಒಂದಿಷ್ಟು ತಡೆಯುತ್ತಿತ್ತು, ಮೆಟ್ಟಿಲಿಳಿಯುವವರು ಕಾಲಿಡುವ ಮುನ್ನ ತಡೆಯುವಷ್ಟು, ಮುಗ್ಗರಿಸುತ್ತಿರಲಿಲ್ಲ. ಶೆಟ್ಟರು ಹೂಂ ಎನ್ನುತ್ತಿದ್ದರು. ಪುಟ ತಿರುಗಿತು. ಹೂಂ. ಮತ್ತೊಂದು ಪ್ಯಾರಾ. ಇದ್ದಕ್ಕಿದ್ದಂತೆ ಹೂಂ ನಿಂತಿತು.

ವೈಶಾಲಿಯೂ ಓದು ನಿಲ್ಲಿಸಿ ಮಾವನ ಮುಖ ನೋಡಿದಳು.

"ಸುಳ್ಳು!" ಎಂದರು ಶೆಟ್ಟರು.

"ಎಂತ ಸುಳ್ಳು ಮಾವ? ನಾನು ಸರಿಯಾಗಿಯೇ ಓದಿದ್ದು."

"ನೀನಲ್ಲ ಮಾರಾಯ್ತಿ! ಆ ಬರೆದವ! ಸಾಂಬಾರು ಎರಡನೇ ಸಲ ಕೇಳಿದವರಿಗೆ ಬೇರೆ ಬಿಲ್ಲು ಹಾಕಬೇಕಂತೆ. ಅವನು ಯಾವ ಹೋಟೆಲು ನಡೆಸಿದ್ದಾನೆ? ಸಾಂಬಾರಿಗೆ ಬಿಲ್ಲು ಹಾಕಿದ ದಿನ ಗಿರಾಕಿ ಎದುರಿನ ಹೋಟೆಲಿಗೆ ಹೋಗ್ತಾನೆ."

"ಅವರು ಹೇಳಿದ್ದು ಹಾಗಲ್ಲ ಮಾವ. ಎಷ್ಟೊಂದು ಸಾಂಬಾರು ತಟ್ಟೆಯಲ್ಲಿ ಬಿಟ್ಟು ಹೋಗ್ತಾರೆ, ಅದು ದಂಡ ಅಂತ. ನನಗೆ ಅದು ಸರಿ ಕಾಣ್ತದೆ."

"ನಿನಗೆ ಸರಿ ಕಾಣ್ತದಾ? ನೀನು ಭಿವಂಡಿಯಲ್ಲಿ ಗಲ್ಲಾದಲ್ಲಿ ಕೂತವಳಾ?"

"ಇಲ್ಲ. ಆದರೆ ಗಿರಾಕಿಯಾಗಿ ಕೂತಿದ್ದೇನೆ. ಬೇಡ ಅಂದರೂ ಸುರಿದು ಹೋಗ್ತಾರೆ."

"ಸುರೀಬೇಕು! ಹೋಟೆಲು ಅಂದ್ರೆ ಅದು! ಬಾ ಮಗಾ, ಇಲ್ಲಿ ಹತ್ತಿರ ಕೂತ್ಕೋ, ನಿನಗೆ ಸಾಂಬಾರಿನ ಲೆಕ್ಕ ಹೇಳ್ತೇನೆ."

ಅವಳು ಕುರ್ಚಿ ಎಳೆದು ಹತ್ತಿರ ಕುಳಿತಳು, ಸೋಲುವ ಲಕ್ಷಣವಿಲ್ಲದೆ. ಮುಂದಿನ ಮಾತುಗಳು ಕನ್ನಡ, ತುಳು, ಮರಾಠಿ ಮೂರರಲ್ಲೂ ಹಾರಾಡಿದವು. ನಾನು ಬಂದಿರುವುದು ಇಬ್ಬರಿಗೂ ನೆನಪಿರಲಿಲ್ಲ. ಕೊನೆಗೆ ವಾದ ಎಲ್ಲೂ ನಿಲ್ಲದಾದಾಗ ವೈಶಾಲಿಯೇ ನನ್ನ ಕಡೆ ತಿರುಗಿ, "ಕಾಕಾ, ನೀವೇ ಹೇಳಿ" ಎಂದಳು.

"ಓ, ದೇವಾಡಿಗರು ಬಂದಿದ್ದಾರಾ? ಒಳ್ಳೆಯದಾಯಿತು" ಎಂದರು ಶೆಟ್ಟರು. "ನೀವೇ ಅಲ್ವಾ ಇದನ್ನೆಲ್ಲ ಕಟ್ಟಿದ್ದು? ಹೇಳಿ, ಅವನು ಬರೆದದ್ದು ನ್ಯಾಯವಾ?"

ಆ ಲೇಖನದ ಪ್ರತಿಯೊಂದು ಸಾಲೂ ನನ್ನ ಕೈಯಿಂದ ಹಾದುಹೋಗಿತ್ತು. ಯಾವ ಸಾಲು ಗಿಡ್ಡ, ಯಾವುದು ಉದ್ದ, ಎಲ್ಲಿ ಒಂದು ಪದವನ್ನು ಉಳಿಸಲು ಹೆಣಗಾಡಿದ್ದೆ, ಎಲ್ಲವನ್ನೂ ಕಣ್ಣು ಮುಚ್ಚಿ ಹೇಳಬಲ್ಲೆ. ಆದರೆ ಈಗ ಇವರಿಬ್ಬರ ಬಾಯಿಂದ ಕೇಳಿದ್ದನ್ನು ಬಿಟ್ಟರೆ, ಬರೆದವನು ಏನು ಹೇಳಿದ್ದಾನೆಂದು ನೆನಪಿಸಿಕೊಳ್ಳಲು ಹೋದರೆ ಒಂದೂ ಹೊಳೆಯಲಿಲ್ಲ.

"ಮೊದಲಿನಿಂದ ಇನ್ನೊಮ್ಮೆ ಓದಮ್ಮ" ಎಂದೆ. "ಕೇಳಿ ಹೇಳುತ್ತೇನೆ."